‘ಮಾಡು’ ಬಿಟ್ಟರೆ ಉಳಿಯುವ ಇಂಗ್ಲಿಷ್

ಚಳ್ಳಕೆರೆ ಕಡೆಯ ಒಂದು ಹೊಲ. ರಾತ್ರಿ ಹನ್ನೊಂದೂವರೆ. ತ್ರೀ ಫೇಸ್ ಕರೆಂಟ್ ಬಂದಿದೆ, ಆದರೆ ಬೋರ್‌ವೆಲ್ ಮೋಟರ್ ಎತ್ತುತ್ತಿಲ್ಲ. ತಗಡಿನ ಪಂಪ್‌ಹೌಸಿನೊಳಗೆ ಅಪ್ಪ ಸ್ಟಾರ್ಟರ್ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಸೆಮಿಸ್ಟರ್ ರಜೆಗೆ ಊರಿಗೆ ಬಂದ ಮಗ ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದಾನೆ.

“ಸಿಂಗಲ್ ಫೇಸ್ ಆಗೈತೆ ಕಣೋ. ಅದಕ್ಕೇ ಪ್ರಿವೆಂಟರ್ ಟ್ರಿಪ್ ಮಾಡೈತೆ. ಟಿ.ಸಿ. ಹತ್ರ ಒಂದು ಫ್ಯೂಸ್ ಹೋಗಿರ್ಬೇಕು. ಬೆಳಿಗ್ಗೆ ಲೈನ್‌ಮ್ಯಾನ್‌ಗೆ ಹೇಳಿ ಚೆಕ್ ಮಾಡಿಸಾನ ಬಿಡು.”

ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಮನುಷ್ಯ. ಅವರ ಆ ನಾಲ್ಕು ಮಾತಿನಲ್ಲಿ ಇಂಜಿನಿಯರಿಂಗಿನ ಶಬ್ದ ಎಷ್ಟಿವೆ, ಎಣಿಸಿ ನೋಡಿ. ಏಳಕ್ಕೆ ಕಮ್ಮಿ ಇಲ್ಲ. ರೋಗ ಯಾವುದು, ಅದರ ಕಾರಣ ಏನು, ಯಂತ್ರ ತನ್ನನ್ನು ತಾನೇ ಹೇಗೆ ಉಳಿಸಿಕೊಂಡಿತು, ನಾಳೆ ಮಾಡಬೇಕಾದ್ದೇನು, ಎಲ್ಲವೂ ಅದರಲ್ಲಿದೆ.

ಇದಾಗಿ ತಿಂಗಳಿಗೆ ಆ ಮಗ ಎಲೆಕ್ಟ್ರಿಕಲ್ ಮಷೀನ್ಸ್ ಲ್ಯಾಬಿನಲ್ಲಿ ವೈವಾಕ್ಕೆ ನಿಂತ. ಎಕ್ಸ್‌ಟರ್ನಲ್ ಇಂಗ್ಲಿಷಿನಲ್ಲಿ ಕೇಳಿದರು: ಒಂದು ಫೇಸ್ ಹೋದರೆ ತ್ರೀ ಫೇಸ್ ಮೋಟರ್ ಯಾಕೆ ಸ್ಟಾರ್ಟ್ ಆಗುವುದಿಲ್ಲ? ಹುಡುಗನ ಕೈ ಬೆವೆತಿತು. ಕಣ್ಣು ನೆಲ ನೋಡಿತು. ಬಾಯಿಂದ ಒಂದು ಶಬ್ದ ಬರಲಿಲ್ಲ. ಎಕ್ಸ್‌ಟರ್ನಲ್ ಮಾರ್ಕ್ಸ್ ಶೀಟಿನಲ್ಲಿ ಸೊನ್ನೆಗೆ ಹತ್ತಿರದ ಒಂದು ಅಂಕಿ ಬರೆಯಲು ಪೆನ್ನೆತ್ತಿದರು.

ಆ ಎಕ್ಸ್‌ಟರ್ನಲ್ ನಾನೇ. ಅದೇನನ್ನಿಸಿತೋ, ಪೆನ್ನು ಕೆಳಗಿಟ್ಟು ಕನ್ನಡದಲ್ಲಿ ಇನ್ನೊಮ್ಮೆ ಕೇಳಿದೆ. ಕಟ್ಟೆ ಒಡೆಯಿತು! ಮೋಟರ್ ಗುಂಯ್ ಅನ್ನುತ್ತದೆ ಸಾರ್, ತಿರುಗುವುದಿಲ್ಲ. ಮ್ಯಾಗ್ನೆಟಿಕ್ ಫೀಲ್ಡ್ ಸುತ್ತುವುದಿಲ್ಲ, ನಿಂತಲ್ಲೇ ಹಿಂದೆ ಮುಂದೆ ಆಡುತ್ತದೆ, ಆದ್ದರಿಂದ ಸ್ಟಾರ್ಟಿಂಗ್ ಟಾರ್ಕ್ ಇಲ್ಲ. ಬಿಟ್ಟರೆ ಕರೆಂಟ್ ಜಾಸ್ತಿ ಎಳೆದು ವೈಂಡಿಂಗ್ ಸುಡುತ್ತದೆ. ಜೊತೆಗೆ ಅಪ್ಪನ ಪಂಪ್‌ಹೌಸಿನ ಕಥೆಯೂ ಬಂತು. ಪಠ್ಯಪುಸ್ತಕ ಬರೆದವರೂ ಅಷ್ಟು ಚೆನ್ನಾಗಿ ಹೇಳಿಯಾರೆ ಎಂದು ನನಗೆ ಈಗಲೂ ಅನುಮಾನ.

ಗೆಳೆಯರೇ, ಈ ಲೇಖನ ಆ ಹುಡುಗನಿಗಾಗಿ. ಅವನಂತೆ ಕೊನೆಯ ಬೆಂಚಿನಲ್ಲಿ ಕೂತು, ಗೊತ್ತಿದ್ದ ಉತ್ತರವನ್ನು ಗಂಟಲಲ್ಲೇ ನುಂಗಿಕೊಂಡು, ಸೆಮಿನಾರ್ ಇರುವ ದಿನ ಜ್ವರ ಬರಲಿ ಎಂದು ಬೇಡಿಕೊಂಡು, ಕ್ಯಾಂಪಸ್ ಇಂಟರ್‌ವ್ಯೂ ಹಾಲಿನ ಹೊರಗೆ ‘ಮೈಸೆಲ್ಫ್’ ಎಂದು ಶುರುವಾಗುವ ನಾಲ್ಕು ಸಾಲನ್ನು ಮಂತ್ರದಂತೆ ಮಣಮಣ ಹೇಳಿಕೊಳ್ಳುತ್ತಾ ನಿಂತ ನಿಮ್ಮೆಲ್ಲರಿಗಾಗಿ. ನಿಮಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರು ಹೇಳಿದರು? ಹೇಳಿದವರು ನಿಮ್ಮಪ್ಪನ ಮಾತನ್ನು ಯಾವತ್ತಾದರೂ ಕೇಳಿಸಿಕೊಂಡಿದ್ದಾರೆಯೇ? ನೀವಾದರೂ ಕೇಳಿಸಿಕೊಂಡಿದ್ದೀರಾ?

ನಾವು ದಿನವಿಡೀ ಆಡುವ ಕನ್ನಡವನ್ನು ಒಮ್ಮೆ ಗಮನಿಸೋಣ. ವಾಲ್ವ್ ಕ್ಲೋಸ್ ಮಾಡು. ಬೋಲ್ಟ್ ಟೈಟ್ ಮಾಡು. ಫೈಲ್ ಅಪ್‌ಲೋಡ್ ಮಾಡು. ಬ್ಯಾಟರಿ ಚಾರ್ಜ್ ಮಾಡು. ಪ್ರೆಶರ್ ಚೆಕ್ ಮಾಡು. ಬೆಳಗಾವಿಯ ಫೌಂಡ್ರಿಯಲ್ಲೂ ಇದೇ ಭಾಷೆ, ಪೀಣ್ಯದ ಸಿಎನ್‌ಸಿ ಶೆಡ್ಡಿನಲ್ಲೂ ಇದೇ. ಹುಬ್ಬಳ್ಳಿಯ ಗ್ಯಾರೇಜಿನ ಹುಡುಗನೂ, ಶಕ್ತಿನಗರದ ಥರ್ಮಲ್ ಸ್ಥಾವರದ ಹೆಲ್ಪರೂ ಆಡುವುದು ಇದನ್ನೇ. ಕನ್ನಡ ಒಂದು ಜಾಣತನ ಮಾಡಿದೆ: ಹೊರಗಿನ ಕ್ರಿಯಾಪದ ಯಾವುದೇ ಬರಲಿ, ಬಾಲಕ್ಕೆ ‘ಮಾಡು’ ಕಟ್ಟಿ ತನ್ನ ಮನೆಯ ಮಗುವಾಗಿಸಿಕೊಂಡಿದೆ. ಇನ್ನು ಆ ‘ಮಾಡು’ವನ್ನು ಬಿಚ್ಚಿಡಿ. ಕ್ರಿಯೆಯನ್ನು ಮುಂದಕ್ಕೆ ತನ್ನಿ, ವಸ್ತುವನ್ನು ಹಿಂದಕ್ಕಿಡಿ. ಕ್ಲೋಸ್ ದ ವಾಲ್ವ್. ಟೈಟನ್ ದ ಬೋಲ್ಟ್. ಚಾರ್ಜ್ ದ ಬ್ಯಾಟರಿ.

ಇದು ಯಾವ ಇಂಗ್ಲಿಷ್ ಅಂದುಕೊಂಡಿರಿ? ವಿಮಾನ ರಿಪೇರಿ ಮಾಡುವ ಕೈಪಿಡಿಗಳಲ್ಲಿ ಇರುವುದೇ ಇದು.

ಉತ್ಪ್ರೇಕ್ಷೆಯಲ್ಲ. 1980ರ ದಶಕದಲ್ಲಿ ಯುರೋಪಿನ ವಿಮಾನ ಉದ್ಯಮ ಒಂದು ತಲೆನೋವಿಗೆ ಮದ್ದು ಹುಡುಕಿತು. ವಿಮಾನದ ಮೆಂಟೆನೆನ್ಸ್ ಮ್ಯಾನುಯಲ್ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಹಿಡಿದು ಕೆಲಸ ಮಾಡುವ ಮೆಕ್ಯಾನಿಕ್‌ಗಳಲ್ಲಿ ಬಹಳಷ್ಟು ಜನರ ತಾಯ್ನುಡಿ ಇಂಗ್ಲಿಷಲ್ಲ. ಏನು ಮಾಡುವುದು? ಅವರು ಮೆಕ್ಯಾನಿಕ್‌ಗಳನ್ನು ದೂರಲಿಲ್ಲ. ಇಂಗ್ಲಿಷಿಗೇ ಕಡಿವಾಣ ಹಾಕಿದರು. ಅದಕ್ಕೆ ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್ ಎಂದು ಹೆಸರು. ಇವತ್ತು ಎಎಸ್‌ಡಿ-ಎಸ್‌ಟಿಇ100 ಎಂಬ ಮಾನದಂಡವಾಗಿ ನಿಂತಿದೆ. ಭಾಗಗಳ ಹೆಸರು, ಆ ಕಸುಬಿನದೇ ಆದ ಮಾತುಗಳನ್ನು ಬಿಟ್ಟರೆ ಅದರ ನಿಘಂಟಿನಲ್ಲಿ ಬಳಸಬಹುದಾದ ಸಾಮಾನ್ಯ ಪದಗಳು ಸುಮಾರು 900. ಒಂದು ಪದಕ್ಕೆ ಒಂದೇ ಅರ್ಥ. ‘ಕ್ಲೋಸ್’ ಎಂದರೆ ಮುಚ್ಚು, ಅಷ್ಟೇ. ‘ಹತ್ತಿರ’ ಎಂಬ ಅರ್ಥದಲ್ಲಿ ಅದನ್ನು ಬಳಸುವ ಹಾಗಿಲ್ಲ. ಸೂಚನೆ ಕೊಡುವ ವಾಕ್ಯ ಇಪ್ಪತ್ತು ಪದ ದಾಟಬಾರದು.

ಒಂಬೈನೂರು ಪದ! ದಿನಕ್ಕೆ ಹತ್ತರಂತೆ ಹಿಡಿದರೆ ಮೂರು ತಿಂಗಳ ಕೆಲಸ. ಅದರಲ್ಲಿ ಎಷ್ಟೋ ಪದ ನಿಮ್ಮಪ್ಪನ ಬಾಯಲ್ಲಿ, ಪಕ್ಕದ ಬೀದಿಯ ವೆಲ್ಡರ್‌ನ ಬಾಯಲ್ಲಿ, ನಿಮ್ಮ ಬಾಯಲ್ಲಿ ಈಗಾಗಲೇ ಇವೆ. ನಿಮ್ಮನ್ನು ಇಷ್ಟು ವರ್ಷ ಹೆದರಿಸಿದ ಇಂಗ್ಲಿಷ್ ಬೇರೆ. ಅದು ಕಾನ್ವೆಂಟಿನ ಇಂಗ್ಲಿಷ್, ಸಿನಿಮಾದ ಇಂಗ್ಲಿಷ್, ಮಾಲಿನೊಳಗೆ ಮೂಗಿನಲ್ಲಿ ಆಡುವ ಇಂಗ್ಲಿಷ್. ಯಂತ್ರದ ಮುಂದೆ ಆ ಇಂಗ್ಲಿಷಿಗೆ ಕೆಲಸವಿಲ್ಲ. ಯಂತ್ರ ಕೇಳುವುದು ಒಂದನ್ನೇ: ಸರಿಯಾಗಿ ಹೇಳಿದಿಯಾ?

ಸರಿಯಾಗಿ ಹೇಳುವುದು ಎಂದರೇನು ಎನ್ನುವುದಕ್ಕೆ ಒಂದು ನೋವಿನ ಕಥೆ ಇದೆ. 2003ರ ಜನವರಿ 16ರಂದು ಅಮೆರಿಕದ ಬಾಹ್ಯಾಕಾಶ ನೌಕೆ ಕೊಲಂಬಿಯಾ ಮೇಲೇರುವಾಗ ಹೊರಗಿನ ಇಂಧನ ಟ್ಯಾಂಕಿನಿಂದ ಒಂದು ಫೋಮ್ ತುಂಡು ಕಿತ್ತು ಬಂದು ಎಡ ರೆಕ್ಕೆಗೆ ಬಡಿಯಿತು. ನೌಕೆಯಲ್ಲಿ ಏಳು ಜನ. ಅವರಲ್ಲೊಬ್ಬಳು ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿ ಬೆಳೆದ ನಮ್ಮ ಕಲ್ಪನಾ ಚಾವ್ಲಾ. ನೌಕೆ ಇನ್ನೂ ಕಕ್ಷೆಯಲ್ಲಿ ಸುತ್ತುತ್ತಿದ್ದಾಗಲೇ ಇಂಜಿನಿಯರುಗಳು ಹಾನಿಯನ್ನು ಲೆಕ್ಕ ಹಾಕಿ ಸ್ಲೈಡು ಮಾಡಿ ತೋರಿಸಿದರು. ಅವರ ಹಳೆಯ ಪರೀಕ್ಷೆಗಳಲ್ಲಿ ಬಳಸಿದ್ದ ಫೋಮ್ ತುಂಡಿನ ಗಾತ್ರ 3 ಘನ ಇಂಚು. ರೆಕ್ಕೆಗೆ ಬಡಿದ ತುಂಡು ಅಂದಾಜು 1920 ಘನ ಇಂಚು. ಅಂದರೆ 640 ಪಟ್ಟು! ತಲೆಬರಹದಲ್ಲಿ ದಪ್ಪ ಅಕ್ಷರದಲ್ಲಿ ಕೂಗಬೇಕಿದ್ದ ಈ ಮಾತು ಸ್ಲೈಡಿನ ತಳದಲ್ಲಿ, ಸಣ್ಣ ಅಕ್ಷರದಲ್ಲಿ, ಬುಲೆಟ್‌ಗಳ ಕೆಳಗಿನ ಬುಲೆಟ್ ಆಗಿ ಮಲಗಿತ್ತು. ತಲೆಬರಹ ಓದಿದವರಿಗೆ ಸಿಕ್ಕಿದ್ದು ನೆಮ್ಮದಿಯ ಧ್ವನಿ. ‘ಸಿಗ್ನಿಫಿಕೆಂಟ್’ ಎಂಬ ಒಂದೇ ಪದ ಮತ್ತೆ ಮತ್ತೆ ಬಂದು, ಎಷ್ಟು ಎಂದು ಮಾತ್ರ ಹೇಳಲಿಲ್ಲ. ಫೆಬ್ರವರಿ 1ರಂದು ಇಳಿಯುವಾಗ ನೌಕೆ ಛಿದ್ರವಾಯಿತು. ಏಳೂ ಜನ ಹೋದರು. ಅದೊಂದು ಸ್ಲೈಡಿನಿಂದಲೇ ಎಲ್ಲ ಆಯಿತು ಎಂದು ಯಾರೂ ಹೇಳುವುದಿಲ್ಲ. ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ಆ ಸ್ಲೈಡನ್ನು ಅಚ್ಚು ಹಾಕಿಯೇ ಟೀಕಿಸಿತು.

ಈಗ ಯೋಚಿಸಿ. ಆ ಸ್ಲೈಡು ತಯಾರಾದದ್ದು ಇಂಗ್ಲಿಷೇ ಮನೆಮಾತಾದ ನಾಡಿನಲ್ಲಿ. ಅಲ್ಲಿ ವ್ಯಾಕರಣಕ್ಕೆ ಬರವಿರಲಿಲ್ಲ, ಉಚ್ಚಾರಣೆಗೆ ಬರವಿರಲಿಲ್ಲ. ಆದರೂ ಜೀವ ಉಳಿಸಬಹುದಾಗಿದ್ದ ಮಾತು ಕಿವಿಗೆ ಬೀಳಲಿಲ್ಲ. ಹಾಗಾದರೆ ಈ ಕಸುಬಿನ ಇಂಗ್ಲಿಷ್ ಯಾರ ಸೊತ್ತು? ಹುಟ್ಟಿನಿಂದ ಬಂದವರದೋ, ಕಷ್ಟಪಟ್ಟು ತೂಕ ಹಾಕಿ ಬಳಸುವವರದೋ? ಚಳ್ಳಕೆರೆಯವನೂ ಕ್ಯಾಲಿಫೋರ್ನಿಯಾದವನೂ ಇದನ್ನು ಕಲಿತೇ ಬರೆಯಬೇಕು. ಓಟದ ಗೆರೆ ಇಬ್ಬರಿಗೂ ಒಂದೇ. ನೀವು ಹಿಂದೆ ಉಳಿದಿಲ್ಲ. ನೀವಿನ್ನೂ ಓಡಿಲ್ಲ!

ತೂಕ ಹಾಕುವ ವಿದ್ಯೆ ನಮಗೇನು ಹೊಸದೇ? 1997ರಲ್ಲಿ ಇಂಟರ್‌ನೆಟ್ಟಿನ ನಿಯಮ ಬರೆಯುವವರು ಆರ್‌ಎಫ್‌ಸಿ 2119 ಎಂಬ ಮೂರೇ ಪುಟದ ಒಂದು ಬರಹ ಹೊರಡಿಸಿದರು. ‘ಮಸ್ಟ್’ ಎಂದರೆ ಎಷ್ಟು ಬಿಗಿ, ‘ಶುಡ್’ ಎಂದರೆ ಎಷ್ಟು ಸಡಿಲ, ‘ಮೇ’ ಎಂದರೆ ಎಷ್ಟು ಸ್ವಾತಂತ್ರ್ಯ ಎಂದು ಅದರಲ್ಲಿ ಕಟ್ಟುಮಾಡಿದರು. ಸಾಫ್ಟ್‌ವೇರ್ ಮಂದಿ ಇವತ್ತಿಗೂ ಅದನ್ನೇ ಹಿಡಿದು ಜಗಳವಾಡುತ್ತಾರೆ. ನಮ್ಮಜ್ಜಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ‘ಮಾಡಲೇಬೇಕು’, ‘ಮಾಡಬೇಕು’, ‘ಮಾಡಬಹುದು’: ಒಂದು ‘ಏ’ಕಾರದಲ್ಲಿ ಮನೆಯ ಕಾನೂನೇ ಬದಲಾಗುತ್ತಿತ್ತು. ಇಷ್ಟು ನಯವಾದ ತಕ್ಕಡಿ ಇಟ್ಟುಕೊಂಡ ಭಾಷೆಯಲ್ಲಿ ಬೆಳೆದ ನಿಮಗೆ ‘ಮಸ್ಟ್’ಗೂ ‘ಶುಡ್’ಗೂ ಇರುವ ಅಂತರ ತಿಳಿಯದೆ ಇದ್ದೀತೇ? ಕನ್ನಡ ಬಲ್ಲವನು ಖಾಲಿ ಕೈಯಲ್ಲಿ ಹೊರಟವನಲ್ಲ. ಬುತ್ತಿ ಕಟ್ಟಿಕೊಂಡೇ ಹೊರಟವನು.

ಎಡವುವುದಂತೂ ಇದ್ದೇ ಇದೆ. ಪಾಠ ಹೇಳಲು ಬರುವ ಮೊದಲು ನಾನೊಂದು ಕಾರ್ಖಾನೆಯಲ್ಲಿದ್ದೆ. ಜರ್ಮನಿಯಿಂದ ಬಂದ ಡ್ರಾಯಿಂಗಿನಲ್ಲಿ ಒಂದು ಟಾಲರೆನ್ಸ್ ಯಾವ ಬದಿಗೆ ಅನ್ವಯಿಸುತ್ತದೆ ಎಂದು ತಿಳಿಯಲಿಲ್ಲ. ಸಾಕಷ್ಟು ವಿನಯದಿಂದಲೇ ಬರೆದೆ: ‘ಐ ಹ್ಯಾವ್ ಎ ಡೌಟ್ ಎಬೌಟ್ ಯುವರ್ ಡ್ರಾಯಿಂಗ್. ಕೈಂಡ್ಲಿ ಡೂ ದ ನೀಡ್‌ಫುಲ್.’ ಎರಡು ದಿನ ಬಿಟ್ಟು ಉತ್ತರ ಬಂತು. ಡ್ರಾಯಿಂಗ್ ಸರಿಯಾಗಿದೆ ಎಂದು ಸಾಧಿಸುವ ಮೂರು ಪ್ರಮಾಣಪತ್ರಗಳು! ನಮ್ಮ ‘ಡೌಟ್’ ಎಂದರೆ ಗೊತ್ತಿಲ್ಲದ್ದನ್ನು ಕೇಳುವುದು. ಅವರ ‘ಡೌಟ್’ ಎಂದರೆ ನಂಬದಿರುವುದು. ನಾನು ಅವರ ಮೇಲೆ ಶಂಕೆ ಪಟ್ಟೆ ಎಂದು ಅವರು ಮುನಿಸಿಕೊಂಡಿದ್ದರು. ‘ನೀಡ್‌ಫುಲ್’ ಎಂದರೆ ಏನು ಮಾಡಬೇಕೆಂದು ಅವರಿಗೆ ತಿಳಿಯಲೇ ಇಲ್ಲ. ತಿಳಿಯುವುದಾದರೂ ಹೇಗೆ? ಏನು ಬೇಕು ಅಂತ ನಾನು ಬರೆದೇ ಇರಲಿಲ್ಲವಲ್ಲ! ‘ಐ ಹ್ಯಾವ್ ಎ ಕ್ವೆಶ್ಚನ್. ವಿಚ್ ಫೇಸ್ ಡಸ್ ದಿಸ್ ಟಾಲರೆನ್ಸ್ ಅಪ್ಲೈ ಟು?’ ಎಂದಿದ್ದರೆ ಒಂದೇ ಗಂಟೆಯ ಕೆಲಸ. ಒಂದು ವಾರ ಜಾಬ್ ಮಷೀನಿನ ಮೇಲೆ ಏರದೆ ಕೂತಿತ್ತು. ಮ್ಯಾನೇಜರ್ ಅಂದದ್ದನ್ನು ಇಲ್ಲಿ ಬರೆಯಲಾರೆ.

ತಪ್ಪಿದೆ, ಬೈಸಿಕೊಂಡೆ, ಕಲಿತೆ. ನೀವೂ ತಪ್ಪುತ್ತೀರಿ. ತಪ್ಪಬೇಕು! ಬಾಯಿ ಬಿಡದವನು ಮಾತ್ರ ತಪ್ಪುವುದಿಲ್ಲ.

ಹಾಗಾದರೆ ಎಲ್ಲಿಂದ ಶುರು? ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ ಮೂವತ್ತು ದಿನದಲ್ಲಿ ಇಂಗ್ಲಿಷ್ ಎಂಬ ಬೋರ್ಡು ನೇತಾಡುತ್ತಿರುತ್ತದೆಯಲ್ಲ, ಅಲ್ಲಿಂದಲ್ಲ. ಹವಾಮಾನ ಚೆನ್ನಾಗಿದೆ, ನಿಮ್ಮ ಹವ್ಯಾಸವೇನು ಎಂದು ಕೇಳಲು ಅಲ್ಲಿ ಕಲಿಸುತ್ತಾರೆ. ಬೇರಿಂಗ್ ಯಾಕೆ ಬಿಸಿಯಾಯಿತು ಎಂದು ಹೇಳಲು ಕಲಿಸುವುದಿಲ್ಲ. ನಿಮ್ಮ ಲ್ಯಾಬ್ ರೆಕಾರ್ಡಿನಿಂದ ಶುರು ಮಾಡಿ. ಹೌದು, ಸೀನಿಯರ್ ರೆಕಾರ್ಡ್ ಪಕ್ಕದಲ್ಲಿಟ್ಟುಕೊಂಡು, ಅವನು ಅವನ ಸೀನಿಯರಿಂದ ಇಳಿಸಿಕೊಂಡ ತಪ್ಪಿನ ಸಮೇತ, ಸಬ್‌ಮಿಷನ್ ಹಿಂದಿನ ರಾತ್ರಿ ಮೂರು ಗಂಟೆಯವರೆಗೆ ಕೂತು ಇಳಿಸುತ್ತೀರಲ್ಲ, ಅದೇ ರೆಕಾರ್ಡು. ನಾಲ್ಕು ವರ್ಷ ನಿಮ್ಮ ಕೈಗೆ ಸಿಕ್ಕ ಬರವಣಿಗೆಯ ಗರಡಿಮನೆ ಅದು, ಮತ್ತು ನಾವು ಅಧ್ಯಾಪಕರೂ ನೀವೂ ಸೇರಿ ಅದನ್ನು ನಕಲಿನ ಕಾರ್ಖಾನೆ ಮಾಡಿಟ್ಟಿದ್ದೇವೆ. ಮುಂದಿನ ವಾರದ ಪ್ರಯೋಗವೊಂದನ್ನು ನಿಮ್ಮದೇ ವಾಕ್ಯದಲ್ಲಿ ಬರೆಯಿರಿ. ಐದೇ ವಾಕ್ಯ. ಏನು ಜೋಡಿಸಿದಿರಿ, ಏನು ಅಳೆದಿರಿ, ಎಷ್ಟು ಬಂತು, ಎಷ್ಟು ಬರಬೇಕಿತ್ತು, ವ್ಯತ್ಯಾಸ ಯಾಕೆ. ಮೊದಲ ವಾರ ಮೇಷ್ಟ್ರು ಕೆಂಪು ಇಂಕು ಸುರಿಯುತ್ತಾರೆ. ಸುರಿಯಲಿ.

ದೂರು ಬರೆಯುವುದನ್ನೂ ಕಲಿಯಿರಿ, ಅರ್ಧ ಇಂಜಿನಿಯರಿಂಗ್ ಅದರಲ್ಲೇ ಇದೆ. ‘ಪಂಪ್ ನಾಟ್ ವರ್ಕಿಂಗ್, ವೆರಿ ಅರ್ಜೆಂಟ್’ ಎಂದು ಬರೆದರೆ ಓದಿದವನಿಗೆ ನಿಮ್ಮ ಗಾಬರಿ ತಿಳಿಯುತ್ತದೆ, ಪಂಪಿನ ಗತಿ ತಿಳಿಯುವುದಿಲ್ಲ. ‘ದ ಪಂಪ್ ಸ್ಟಾರ್ಟ್ಸ್. ಆಫ್ಟರ್ 3 ಮಿನಿಟ್ಸ್ ದ ಪ್ರೆಶರ್ ಡ್ರಾಪ್ಸ್ ಫ್ರಮ್ 4 ಬಾರ್ ಟು 1.5 ಬಾರ್. ದ ಮೋಟರ್ ಟ್ರಿಪ್ಸ್. ವಿ ಕ್ಲೀನ್ಡ್ ದ ಸ್ಟ್ರೇನರ್. ದ ಫಾಲ್ಟ್ ರಿಮೇನ್ಸ್.’ ಇದರಲ್ಲಿ ಅಲಂಕಾರವಿದೆಯೇ? ಘನಪಾಂಡಿತ್ಯವಿದೆಯೇ? ಇದನ್ನು ಓದಿ ಪುಣೆಯವನೂ ಕೊರಿಯಾದವನೂ ತನ್ನ ಕುರ್ಚಿಯಿಂದಲೇ ನಿಮ್ಮ ಪಂಪಿನ ನಾಡಿ ಹಿಡಿಯಬಲ್ಲ. ಅಂಥ ಐದು ಸಾಲು ಬರೆಯಬಲ್ಲ ಹುಡುಗಿಯನ್ನು, ಅವಳ ‘ಸ’ಕಾರ ‘ಶ’ಕಾರ ಹೇಗೇ ಇರಲಿ, ಯಾವ ಕಂಪನಿ ತಾನೇ ಬಿಟ್ಟುಕೊಟ್ಟೀತು?

ಮಾತಿಗೆ ಬೇಕಾದದ್ದು ಧೈರ್ಯ, ಅದು ರೂಮ್‌ಮೇಟ್ ಮುಂದೆ ಬರುತ್ತದೆ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ, ಆ ದಿನ ಕಲಿತ ಒಂದು ಸಂಗತಿಯನ್ನು ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ಹೇಳಿಕೊಳ್ಳಿ. ನಗು ಬರುತ್ತದೆ. ಒಂದು ವಾರ ನಕ್ಕು ಮುಗಿಸಿಬಿಡಿ.

ಇನ್ನೊಂದು ಮಾತು ನಿಮ್ಮಲ್ಲಿ ಕೆಲವರನ್ನು ಒಳಗೊಳಗೇ ಕೊರೆಯುತ್ತಿರಬಹುದು: ಇಂಗ್ಲಿಷಿನ ಹಿಂದೆ ಹೋದರೆ ಕನ್ನಡಕ್ಕೆ ದ್ರೋಹವಲ್ಲವೇ? ಕೊರೆಯಲಿ, ಒಳ್ಳೆಯದೇ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರನ್ನೂ ಈ ಮಾತು ಕೊರೆದಿರಬೇಕು. ದಿನವಿಡೀ ಇಂಗ್ಲಿಷಿನಲ್ಲಿ ಪಾಠ ಹೇಳಿದ ಆ ಮನುಷ್ಯ ಜೊತೆಗಾರರೊಡನೆ ಸೇರಿ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಪತ್ರಿಕೆ ಬಹಳ ಕಾಲ ಬಾಳಲಿಲ್ಲ. ಆದರೆ ಎರಡು ಭಾಷೆಗಳ ನಡುವಿನ ಬಾಗಿಲಲ್ಲಿ ನಡೆದಾಡುವುದು ಹೇಗೆಂದು ಅವರು ತೋರಿಸಿಕೊಟ್ಟರು: ಹೋಗಿ ತರುವುದು, ತಂದು ಹಂಚುವುದು.

ವಿಶ್ವೇಶ್ವರಯ್ಯನವರ ಹೆಸರೆತ್ತದೆ ಇಂಥ ಲೇಖನ ಬರೆಯಲು ನಮ್ಮ ನಾಡಿನಲ್ಲಿ ಆಗುವುದಿಲ್ಲ. ನಾನೂ ಎತ್ತುತ್ತೇನೆ, ಆದರೆ ಕನ್ನಂಬಾಡಿಗಾಗಿ ಅಲ್ಲ. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ತಾವೇ ರೂಪಿಸಿದ ಸ್ವಯಂಚಾಲಿತ ಗೇಟು ಕೂರಿಸಿದರು, ಅದಕ್ಕೆ ಪೇಟೆಂಟ್ ಪಡೆದರು. ಗೇಟು ಕಬ್ಬಿಣದ್ದು. ಪೇಟೆಂಟು ವಾಕ್ಯಗಳದ್ದು! ನೀರು ಎಷ್ಟು ಏರಿದರೆ ಯಾವುದು ಹೇಗೆ ಎತ್ತುತ್ತದೆ ಎಂದು ಒಂದು ಪದವೂ ಜಾರದಂತೆ ಬರೆದುಕೊಡದೆ ಪೇಟೆಂಟ್ ಸಿಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಅಡಿಕೆ ಸುಲಿಯುವ ಯಂತ್ರವನ್ನು ತಾವೇ ತಿದ್ದಿ ತೀಡಿ ಮಾಡಿಕೊಂಡವರಿದ್ದಾರೆ, ಬೈಕಿನ ಇಂಜಿನ್ನಿನಿಂದ ಎಡೆಕುಂಟೆ ಓಡಿಸಿದವರಿದ್ದಾರೆ. ಎಷ್ಟು ಜನರ ಜಾಣ್ಮೆ ಬರಹವಾಗದೆ, ಆ ಹಿತ್ತಲಲ್ಲೇ ತುಕ್ಕು ಹಿಡಿದು ಹೋಯಿತು! ಅದನ್ನು ಬರೆದುಕೊಡಬೇಕಾದವರು ಯಾರು? ಬೇರೆಯವರು ಬಂದು ಬರೆದುಕೊಡುತ್ತಾರೆಯೇ?

1917ರಲ್ಲಿ ಬೆಂಗಳೂರಿಗೆ ಒಂದು ಇಂಜಿನಿಯರಿಂಗ್ ಕಾಲೇಜು ಬಂದಾಗ ಅದರ ಬಾಗಿಲು ಎಷ್ಟು ಮನೆಗಳಿಗೆ ತೆರೆದಿತ್ತು? ಇವತ್ತು ಬೀದರಿನಿಂದ ಚಾಮರಾಜನಗರದವರೆಗೆ ಕಾಲೇಜುಗಳಿವೆ. ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಬಿ.ಟೆಕ್. ಕಲಿಸಲು 2021ರಲ್ಲಿ ಎಐಸಿಟಿಇ ಒಪ್ಪಿಗೆಯನ್ನೂ ಕೊಟ್ಟಿದೆ. ಕನ್ನಡದಲ್ಲಿ ಕಲಿಯುವವನಿಗೂ ಡೇಟಾಶೀಟ್ ಇಂಗ್ಲಿಷಿನಲ್ಲೇ ಬರುತ್ತದೆ, ಸಿಎನ್‌ಸಿ ಮಷೀನಿನ ಅಲಾರ್ಮ್ ಇಂಗ್ಲಿಷಿನಲ್ಲೇ ಹೊಡೆಯುತ್ತದೆ. ಆದ್ದರಿಂದ ಎರಡೂ ಕೈ ಬೇಕು. ಒಂದು ಕೈಯಲ್ಲಿ ಜಗತ್ತಿನಿಂದ ತರಬೇಕು, ಇನ್ನೊಂದು ಕೈಯಲ್ಲಿ ಮನೆಗೆ ಬಡಿಸಬೇಕು. ನಿಮ್ಮಪ್ಪನ ಸ್ಟಾರ್ಟರ್ ಡಬ್ಬಿಯೊಳಗೆ ಮಡಚಿಟ್ಟ ಆ ತೆಳ್ಳನೆಯ ಸೂಚನೆಯ ಕಾಗದ ಇದೆಯಲ್ಲ, ಅದನ್ನು ಅವರಿಗೆ ಓದಲು ಬರುವ ಕನ್ನಡದಲ್ಲಿ ಬರೆಯುವವರೂ ನೀವೇ ಆಗಬೇಕು.

ಆ ಚಳ್ಳಕೆರೆ ಹುಡುಗ ನನ್ನ ನಂಬರ್ ಇಸಿದುಕೊಂಡು ಹೋಗಿದ್ದ. ಮುಂದಿನ ರಜೆಯಲ್ಲಿ ಒಂದು ಬೆಳಿಗ್ಗೆ ಫೋನಿಗೆ ಮೆಸೇಜ್ ಬಂತು. ಗುಡ್ ಮಾರ್ನಿಂಗ್ ಇಲ್ಲ, ರೆಸ್ಪೆಕ್ಟೆಡ್ ಸರ್ ಇಲ್ಲ. ‘ಮೋಟರ್ ಡಿಡ್ ನಾಟ್ ಸ್ಟಾರ್ಟ್ ಅಟ್ 11:20 ಪಿ.ಎಂ. ವೋಲ್ಟೇಜ್ ಈಸ್ ಝೀರೋ ಆನ್ ಬಿ ಫೇಸ್. ಪ್ರಿವೆಂಟರ್ ಟ್ರಿಪ್ಡ್. ಲೈನ್‌ಮ್ಯಾನ್ ರಿಪ್ಲೇಸ್ಡ್ ದ ಫ್ಯೂಸ್ ಅಟ್ 7:10 ಎ.ಎಂ. ವಾಟರ್ ಈಸ್ ಕಮಿಂಗ್.’

ಒಂದು ಕಡೆ ‘ವಾಸ್’ ಇರಬೇಕಾದಲ್ಲಿ ‘ಈಸ್’ ಬಂದಿದೆ. ಉಳಿದದ್ದನ್ನು ನೋಡಿ.

ನಿಮ್ಮೂರಲ್ಲಿ ಇವತ್ತು ತ್ರೀ ಫೇಸ್ ಎಷ್ಟು ಗಂಟೆಗೆ?